ಕಾದಂಬರಿಯೊಳಗಿನ ಕಾನೂನನ್ನು ಓದುವ ಬಗೆ: ಹಾಸನ, ಚಿಕ್ಕಮಗಳೂರಿನ ಓದುಗ ಬಳಗಗಳಿಗೆ ಒಂದು ಕೈಪಿಡಿ

ಬರಹಕ್ಕೆ ಬೀಗ ಬಿದ್ದ ಕಾಲದಲ್ಲಿ ಕಾದಂಬರಿ ಬರೆದ ಹೆಂಗಸರು ಅನ್ಯಾಯದ ಕಾನೂನನ್ನು ಹೇಗೆ ಟೀಕಿಸಿದರು ಎಂದು ತಿಳಿಯಹೊರಟವರು ಮೊದಲು ಪಾತ್ರಗಳ ಭಾಷಣದಲ್ಲಿ ಹುಡುಕುತ್ತಾರೆ. ಸೆನ್ಸಾರಿನವರೂ ಅಲ್ಲೇ ಹುಡುಕುತ್ತಿದ್ದರು. ಹಾಗಾಗಿ ಒಳ್ಳೆಯ ಲೇಖಕಿ ಅಲ್ಲಿ ಹೆಚ್ಚೇನೂ ಇಡುತ್ತಿರಲಿಲ್ಲ. ಹುಡುಕಬೇಕಾದ ಜಾಗ ಬೇರೆ: ಕಚೇರಿಯ ಕಿಟಕಿ, ಸಾಲು, ಸಹಿ, ರಸೀತಿ, ಅಂಗಡಿಯ ಲೆಕ್ಕದ ಪುಸ್ತಕ, ಕೋರ್ಟಿನಲ್ಲಿ ಓದಿದ ಹೇಳಿಕೆ. ಕಾನೂನು ಕಾಗದವಾಗಿ ಒಬ್ಬಳ ಕೈಗೆ ಬರುವ ಗಳಿಗೆಯಲ್ಲಿ ಅಭಿಪ್ರಾಯದ ಒಂದು ಮಾತೂ ಇಲ್ಲದೆ ಟೀಕೆ ಮುಗಿದಿರುತ್ತದೆ. ಈ ಕೈಪಿಡಿ ಆ ಗಳಿಗೆಗಳನ್ನು ಹಿಡಿಯುವುದಕ್ಕೆ.

ನಮ್ಮ ಎರಡು ಜಿಲ್ಲೆಗಳ ಓದುಗರಿಗೆ ಇದು ಸುಲಭವಾಗಿ ಒಗ್ಗುವ ಕೆಲಸ. ಪಹಣಿ, ಪೌತಿ ಖಾತೆ, ವಂಶವೃಕ್ಷ ಎಂದು ತಾಲ್ಲೂಕು ಕಚೇರಿ ಸುತ್ತಿದವರಿಗೆ ಕಾಗದದ ಬಲ ಏನೆಂದು ಯಾರೂ ಹೇಳಿಕೊಡಬೇಕಿಲ್ಲ.

ಬಳಗ ಮತ್ತು ಸಮಯ

ಎಂಟರಿಂದ ಹತ್ತು ಜನ ಸಾಕು. ಹನ್ನೆರಡು ದಾಟಿದರೆ ಗಟ್ಟಿಯಾಗಿ ಓದುವವರು ಮೂವರು, ಕೇಳುವವರು ಉಳಿದವರು ಎಂದಾಗಿಬಿಡುತ್ತದೆ. ಬಳಗದಲ್ಲಿ ವಕೀಲರೊಬ್ಬರು ಅಥವಾ ಕಂದಾಯ ಇಲಾಖೆಯಲ್ಲಿ ದುಡಿದ ಒಬ್ಬರು ಇರಲಿ. ಇಂಗ್ಲಿಷ್ ಸರಾಗವಾಗಿ ಓದುವವರು ಇಬ್ಬರಾದರೂ ಇರಲಿ. ಆರು ಕೂಟ, ಕೂಟಕ್ಕೆ ಎರಡು ಗಂಟೆ, ಎರಡು ಕೂಟಗಳ ನಡುವೆ ಮೂರು ವಾರ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯವರು ಜೂನ್‌ನಲ್ಲಿ ಶುರುಮಾಡಿ ಅಕ್ಟೋಬರಿಗೆ ಮುಗಿಸುವುದು ಒಳ್ಳೆಯದು. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ, ಅದರ ಬೆನ್ನಿಗೆ ರೊಬಸ್ಟಾ ಮುಗಿಯುವವರೆಗೂ ತೋಟದವರು ಯಾರೂ ಸಿಗುವುದಿಲ್ಲ. ಜುಲೈ, ಆಗಸ್ಟ್‌ನ ಮಳೆಯಲ್ಲಿ ಸಂಜೆ ಕೂಟ ಬೇಡ. ಕರೆಂಟೂ ಹೋಗುತ್ತದೆ, ಬಸ್ಸೂ ತಪ್ಪುತ್ತದೆ. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಇಟ್ಟುಕೊಳ್ಳಿ.

ಪ್ರತಿ ಕೂಟಕ್ಕೆ 15ರಿಂದ 20 ಪುಟ ಮಾತ್ರ ಗಟ್ಟಿಯಾಗಿ ಓದಲು ಆರಿಸಿ. ಇಡೀ ಕಾದಂಬರಿಯನ್ನು ಎಲ್ಲರೂ ಓದಿಕೊಂಡು ಬರುತ್ತಾರೆಂದು ನಂಬಿ ಕೂತರೆ ಎರಡನೆಯ ಕೂಟಕ್ಕೇ ಬಳಗ ಅರ್ಧವಾಗುತ್ತದೆ. ಒಬ್ಬರು ಎರಡು ಪುಟದ ಕಥಾಸಾರವನ್ನು ಕನ್ನಡದಲ್ಲಿ ಬರೆದು ತರಲಿ, ಇಂಗ್ಲಿಷ್ ಭಾಗವನ್ನು ಇನ್ನೊಬ್ಬರು ವಾಕ್ಯ ವಾಕ್ಯವಾಗಿ ಬಾಯಲ್ಲೇ ಕನ್ನಡಕ್ಕೆ ತರಲಿ. ನೂರಾರು ವರ್ಷದ ಹಿಂದಿನ ಪುಸ್ತಕಗಳು ಹಕ್ಕುಸ್ವಾಮ್ಯದಿಂದ ಹೊರಗಿವೆ, ಬೇಕಾದಷ್ಟು ಪ್ರತಿ ತೆಗೆಯಬಹುದು. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಹಾಗಾಗಿ ಈಚಿನ ಪುಸ್ತಕಗಳನ್ನು ಕೊಂಡು ಓದಿ, ಇಲ್ಲವೇ ಗ್ರಂಥಾಲಯದಿಂದ ತನ್ನಿ.

ಮೊದಲು ಎರಡು ಚೀಟಿ

ಕಾದಂಬರಿ ಬಿಚ್ಚುವ ಮುನ್ನ ಎರಡು ಚೀಟಿ ಬರೆಯಬೇಕು. ಒಂದು, ಕಾದಂಬರಿ ಟೀಕಿಸುತ್ತಿರುವ ಕಾನೂನಿನದು. ಇನ್ನೊಂದು, ಕಾದಂಬರಿಯ ಬಾಯಿ ಮುಚ್ಚಿಸಬಹುದಾಗಿದ್ದ ಕಾನೂನಿನದು. ಇವೆರಡನ್ನೂ ಒಂದೇ ಹಾಳೆಯಲ್ಲಿ ಬರೆದವರು ಕೊನೆಯವರೆಗೂ ಗೊಂದಲದಲ್ಲೇ ಇರುತ್ತಾರೆ.

ಮೊದಲ ಚೀಟಿಯಲ್ಲಿ ಐದು ಸಾಲು: ಕಾನೂನು ಯಾವ ವರ್ಷದ್ದು, ಯಾರಿಗೆ ಅನ್ವಯ, ಯಾವ ಕಾಗದ ತೋರಿಸಬೇಕು, ತೋರಿಸದಿದ್ದರೆ ಏನಾಗುತ್ತದೆ, ಮೇಲ್ಮನವಿಗೆ ದಾರಿ ಇದೆಯೇ. ಉದಾಹರಣೆಗೆ ಸೋವಿಯತ್ ರಷ್ಯಾದ 1934ರ ಡಿಸೆಂಬರ್ 1ರ ಆದೇಶ ತೆಗೆದುಕೊಳ್ಳಿ. ಭಯೋತ್ಪಾದನೆಯ ಆರೋಪವಿದ್ದರೆ 10 ದಿನದೊಳಗೆ ತನಿಖೆ ಮುಗಿಯಬೇಕು, ವಿಚಾರಣೆಗೆ ಒಂದೇ ದಿನ ಮುಂಚೆ ಆರೋಪಪಟ್ಟಿ, ವಕೀಲರಿಲ್ಲ, ಮೇಲ್ಮನವಿ ಇಲ್ಲ, ಮರಣದಂಡನೆಯಾದರೆ ಕೂಡಲೇ ಜಾರಿ. ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡವರಿಗೆ, ಆ ಕಾಲದ ಕಾದಂಬರಿಯಲ್ಲಿ ತಾಯಿಯೊಬ್ಬಳು ವಾರಗಟ್ಟಲೆ ಒಂದು ಕಿಟಕಿಯ ಮುಂದೆ ನಿಲ್ಲುವುದು ಬೇರೆಯೇ ರೀತಿ ಕಾಣುತ್ತದೆ. ಅವಳು ಬೇಡುವುದು ಕಾನೂನಿನಲ್ಲಿ ಇಲ್ಲವೇ ಇಲ್ಲ.

ಎರಡನೆಯ ಚೀಟಿಯ ಮುಖ್ಯ ಪ್ರಶ್ನೆ: ಪೆಟ್ಟು ಯಾರಿಗೆ, ಯಾವಾಗ? ಅಚ್ಚಾಗುವ ಮುಂಚೆಯೋ, ಆದಮೇಲೋ? ಬರೆದವರಿಗೋ, ಅಚ್ಚು ಹಾಕಿದವರಿಗೋ, ಮಾರಿದವರಿಗೋ, ಓದಿದವರಿಗೋ? ದೇಶ ದೇಶಕ್ಕೂ ಉತ್ತರ ಬೇರೆ, ಬರೆಯುವ ತಂತ್ರವೂ ಅದರಂತೆ ಬೇರೆ.

ಇಂಗ್ಲೆಂಡಿನಲ್ಲಿ 1737ರ ಕಾಯಿದೆಯಂತೆ ನಾಟಕವನ್ನು ಆಡುವ ಮುಂಚೆ ಅಧಿಕಾರಿಗೆ ಒಪ್ಪಿಸಿ ಅನುಮತಿ ಪಡೆಯಬೇಕಿತ್ತು, ಕಾದಂಬರಿಗೆ ಆ ಕಟ್ಟಿರಲಿಲ್ಲ. ನಾಟಕ ಬರೆದು ಬದುಕುತ್ತಿದ್ದ ಎಲಿಜಬೆತ್ ಇಂಚ್‌ಬಾಲ್ಡ್ ಅವರ ಫ್ರೆಂಚ್ ಕ್ರಾಂತಿಯ ಕಾಲದ ಒಂದು ನಾಟಕ ರಂಗಕ್ಕೇ ಬರಲಿಲ್ಲ. 1796ರಲ್ಲಿ ಅವರು ನ್ಯಾಯಾಲಯವನ್ನು ಕಾದಂಬರಿಯೊಳಗೆ ತಂದರು. ಆದರೆ ಅಚ್ಚಾದ ಮೇಲೆ ಅಪಾಯ ಇದ್ದೇ ಇತ್ತು. 1792ರ ಮೇ ತಿಂಗಳಲ್ಲಿ ರಾಜದ್ರೋಹದ ಬರಹಗಳ ವಿರುದ್ಧ ರಾಜಘೋಷಣೆ ಬಂತು, 1795ರಲ್ಲಿ ಎರಡು ಕಟ್ಟುನಿಟ್ಟಿನ ಕಾಯಿದೆಗಳು ಬಂದವು. ಹೆಣ್ಣಿನ ಹಕ್ಕಿನ ಪರ ಬರೆದ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಅವರ ಪ್ರಕಾಶಕ ಜೋಸೆಫ್ ಜಾನ್ಸನ್ ಬೇರೊಬ್ಬರ ಕಿರುಹೊತ್ತಗೆ ಮಾರಿದ್ದಕ್ಕೆ 1799ರಲ್ಲಿ ಆರು ತಿಂಗಳು ಜೈಲಿನಲ್ಲಿದ್ದರು. ಅಲ್ಲಿ ಪೆಟ್ಟು ಮಾರಿದವರಿಗೆ.

ಅಮೆರಿಕದಲ್ಲಿ ಓದುಗನಿಗೇ ಬಿತ್ತು. ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರು ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರೆದದ್ದು ಗುಲಾಮಗಿರಿ ಇಲ್ಲದ ಉತ್ತರದಲ್ಲಿ ಕೂತು, ಅವರನ್ನು ಯಾರೂ ಹಿಡಿಯಲಿಲ್ಲ. ಆದರೆ ಮೇರಿಲ್ಯಾಂಡಿನಲ್ಲಿ ಸ್ಯಾಮ್ಯುಯೆಲ್ ಗ್ರೀನ್ ಎಂಬ ಸ್ವತಂತ್ರ ಕಪ್ಪು ಮನುಷ್ಯನಿಗೆ ಆ ಪುಸ್ತಕ ಮನೆಯಲ್ಲಿತ್ತು ಎಂಬ ಕಾರಣಕ್ಕೆ 1857ರಲ್ಲಿ 10 ವರ್ಷ ಸೆರೆಮನೆ ವಿಧಿಸಿದರು. ಒಂದೇ ಪುಸ್ತಕ, ಎರಡು ರಾಜ್ಯ, ಎರಡು ಚೀಟಿ.

ನಮ್ಮ ನೆಲದ ಚೀಟಿಯನ್ನೂ ಬರೆಯಿರಿ. ಹಾಸನವೂ, 1947ರವರೆಗೆ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಚಿಕ್ಕಮಗಳೂರೂ ಮೈಸೂರು ಸಂಸ್ಥಾನದಲ್ಲಿದ್ದವು. 1908ರ ಮೈಸೂರು ವೃತ್ತಪತ್ರಿಕೆಗಳ ಕಾನೂನಿನಂತೆ ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕಿತ್ತು. ಆ ಅನುಮತಿಯನ್ನು ಸರ್ಕಾರ ಹಿಂದಕ್ಕೂ ಪಡೆಯಬಹುದಿತ್ತು. ಪೆಟ್ಟು ಅಲ್ಲಿ ಪತ್ರಿಕೆಗೆ. ಅದಕ್ಕೆ ಐದು ವರ್ಷದ ನಂತರ, 1913ರಲ್ಲಿ, ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬಾ ತಮ್ಮದೇ ‘ಸತೀಹಿತೈಷಿಣೀ’ ಗ್ರಂಥಮಾಲೆಯಲ್ಲಿ ‘ಸುಶೀಲೆ’ ಕಾದಂಬರಿ ಹೊರತಂದರು. ಇಬ್ಬರನ್ನು ಒಂದೇ ಕೂಟದಲ್ಲಿ ಓದುವುದಾದರೆ ತಿರುಮಲಾಂಬಾ ಅವರ ಮೇಲೆ ವುಲ್‌ಸ್ಟನ್‌ಕ್ರಾಫ್ಟ್ ಅವರ ಸಿಟ್ಟನ್ನು ಹೊರಿಸಬೇಡಿ. ಅವರ ದಾರಿ ಸಂಪ್ರದಾಯದ ಒಳಗೆ ನಿಂತು ಹೆಣ್ಣಿಗೆ ಓದು ಬರಹದ ಜಾಗ ಮಾಡಿಕೊಡುವುದಾಗಿತ್ತು.

ಮೊದಲ ಓದು: ಕಾಗದಕ್ಕೆ ಮಾತ್ರ ಗುರುತು

ಮೊದಲ ಸುತ್ತಿನಲ್ಲಿ ಪೆನ್ಸಿಲ್ ಹಿಡಿದು ಕಾಗದಗಳಿಗೆ ಮಾತ್ರ ಗೆರೆ ಎಳೆಯಿರಿ. ಪಾತ್ರ ಎಷ್ಟೇ ಚೆನ್ನಾಗಿ ಮಾತಾಡಲಿ, ಗೆರೆ ಬೇಡ. ಈ ಸಂಯಮ ಕಷ್ಟ, ಆದರೆ ಫಲ ಅದರಲ್ಲೇ ಇದೆ.

ಮಿರಿಯಂ ತ್ಲಾಲಿ ಅವರ ‘ಮ್ಯೂರಿಯಲ್ ಅಟ್ ಮೆಟ್ರೊಪಾಲಿಟನ್’ ಇದಕ್ಕೆ ನಾವು ಕಂಡ ಅತ್ಯುತ್ತಮ ಪಾಠ. ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನ ಒಂದು ಕಂತಿನ ಅಂಗಡಿ. ರೇಡಿಯೊ, ಪೀಠೋಪಕರಣ ಮಾರುತ್ತಾರೆ. ಮ್ಯೂರಿಯಲ್ ಅಲ್ಲಿ ಗುಮಾಸ್ತೆ. ಕಪ್ಪು ಗಿರಾಕಿ ಬಂದರೆ ಅವನ ಪಾಸ್ ಪುಸ್ತಕ, ಅಂದರೆ ಕಪ್ಪು ಜನ ಸದಾ ಜೊತೆಗಿಟ್ಟುಕೊಳ್ಳಬೇಕಿದ್ದ ಗುರುತಿನ ಪುಸ್ತಕ, ನೋಡಬೇಕು. ವರ್ಣಭೇದದ ಕಾನೂನುಗಳ ಮೇಲೆ ಭಾಷಣ ಮಾಡುವ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ಪ್ರತಿ ಗಿರಾಕಿಯ ಜೊತೆ ಆ ಕಾನೂನು ಅಂಗಡಿಯೊಳಗೆ ಬಂದು ಕೌಂಟರಿನ ಮೇಲೆ ಕೂರುತ್ತದೆ. ಅದನ್ನು ತೆರೆದು ನೋಡಬೇಕಾದವಳು ಕಪ್ಪು ಹೆಂಗಸೇ. ಅವಳ ರಾಜೀನಾಮೆ ಯಾಕೆ ಎಂಬುದು ಆ ಲೆಕ್ಕದ ಕೆಲಸದಿಂದಲೇ ಅರ್ಥವಾಗುತ್ತದೆ. ಕಂತಿನ ಮೇಲೆ ಮಿಕ್ಸಿ, ಟಿವಿ ಕೊಂಡ ಮನೆಗಳ ನಮ್ಮ ಓದುಗರು ಈ ಪುಟಗಳನ್ನು ಬೇಗ ಹಿಡಿಯುತ್ತಾರೆ.

ಲಿಡಿಯಾ ಚುಕೋವ್‌ಸ್ಕಯಾ ಅವರ ‘ಸೋಫಿಯಾ ಪೆಟ್ರೋವ್ನಾ’ದಲ್ಲಿ ಕಾಗದಕ್ಕಿಂತ ಸಾಲೇ ದೊಡ್ಡದು. ಸೋಫಿಯಾ ಲೆನಿನ್‌ಗ್ರಾಡಿನ ಪ್ರಕಾಶನ ಸಂಸ್ಥೆಯ ಟೈಪಿಸ್ಟ್, ವಿಧವೆ. ಮಗ ಕೋಲ್ಯಾನನ್ನು ಹಿಡಿದೊಯ್ಯುತ್ತಾರೆ. ಇಲ್ಲಿ ಗೆರೆ ಎಳೆಯಬೇಕಾದ್ದು: ಯಾವ ಸಾಲು, ಎಷ್ಟನೆಯ ನಂಬರು, ಕಿಟಕಿಯಲ್ಲಿ ಏನು ಹೇಳಿದರು, ಹಣ ತೆಗೆದುಕೊಂಡರೋ ಇಲ್ಲವೋ. ಜೈಲಿನ ಕಿಟಕಿಯಲ್ಲಿ ಹಣ ತೆಗೆದುಕೊಂಡರೆ ಮಗ ಅಲ್ಲಿದ್ದಾನೆ ಎಂದು ಊಹಿಸಬೇಕು. ಹೆತ್ತವಳಿಗೆ ಸಿಗುವ ದಾಖಲೆ ಅಷ್ಟೇ. 1939ರ ಕೊನೆ, 1940ರ ಆರಂಭದಲ್ಲಿ ಇದನ್ನು ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದರು. ಯುದ್ಧಕಾಲದಲ್ಲಿ ಅದು ಸ್ನೇಹಿತರ ಬಳಿ ಉಳಿಯಿತು. 1960ರ ದಶಕದ ಆರಂಭದಲ್ಲಿ ಪ್ರಕಾಶಕರು ಒಪ್ಪಿಕೊಂಡು ಆಮೇಲೆ ಹಿಂದೆ ಸರಿದರು. ಲೇಖಕಿ ಒಪ್ಪಂದದ ಪೂರ್ತಿ ಹಣ ಕೊಡಬೇಕೆಂದು ಕೋರ್ಟಿಗೆ ಹೋಗಿ ಗೆದ್ದರು. ಪುಸ್ತಕ 1965ರಲ್ಲಿ ಪ್ಯಾರಿಸ್ಸಿನಲ್ಲಿ ಬಂತು, ಸ್ವದೇಶದಲ್ಲಿ 1988ರಲ್ಲಿ.

ಎರಡನೆಯ ಓದು: ಮಾತನ್ನು ಎಲ್ಲಿ ಅಡಗಿಸಿದ್ದಾರೆ

ಈಗ ಪಾತ್ರಗಳ ಬಾಯಿಗೆ ಬನ್ನಿ. ಪದೇ ಪದೇ ಕಾಣುವ ಬಗೆಗಳು ಕೆಲವೇ. ಹೆಸರಿಟ್ಟುಕೊಂಡರೆ ಬೇಗ ಸಿಗುತ್ತವೆ.

ಅರಿಯದವಳ ಕಣ್ಣು. ಸೋಫಿಯಾ ಪೆಟ್ರೋವ್ನಾಗೆ ಕೊನೆಯವರೆಗೂ ಸರ್ಕಾರ ತಪ್ಪು ಮಾಡುತ್ತದೆಂಬ ನಂಬಿಕೆಯೇ ಬರುವುದಿಲ್ಲ. ಸಾಲಿನಲ್ಲಿ ನಿಂತ ಉಳಿದ ಹೆಂಗಸರನ್ನು ಅಪರಾಧಿಗಳ ತಾಯಂದಿರು ಎಂದೇ ನೋಡುತ್ತಾಳೆ. ಓದುಗನಿಗೆ ತಿಳಿದದ್ದು ಅವಳಿಗೆ ತಿಳಿಯದು. ಆ ಅಂತರದಲ್ಲೇ ಟೀಕೆ ಇದೆ. ಕೂಟದಲ್ಲಿ ಯಾರಾದರೂ ‘ಎಷ್ಟು ದಡ್ಡಿ’ ಎಂದರೆ ಅಲ್ಲೇ ನಿಲ್ಲಿಸಿ, ಅವಳಿಗೆ ತಿಳಿಯಲು ಯಾವ ದಾರಿ ತೆರೆದಿತ್ತು ಎಂದು ಕೇಳಿ. ಮೊದಲ ಚೀಟಿ ನೋಡಿದರೆ ಉತ್ತರ ಸಿಗುತ್ತದೆ.

ಶಾಸನ ಮಾಡಿದವನ ಮನೆ. ಓಡಿಹೋದ ಗುಲಾಮರಿಗೆ ನೆರವಾದರೆ ಶಿಕ್ಷೆ ಎಂದು 1850ರಲ್ಲಿ ಅಮೆರಿಕದಲ್ಲಿ ಕಾಯಿದೆಯಾಯಿತು. ಸ್ಟೋವ್ ಅವರ ಕಾದಂಬರಿಯ ಒಂಬತ್ತನೆಯ ಅಧ್ಯಾಯದಲ್ಲಿ ಅಂಥದೇ ಶಾಸನಕ್ಕೆ ಮತ ಹಾಕಿ ಮನೆಗೆ ಬಂದ ಸೆನೆಟರ್ ಬರ್ಡ್‌ನನ್ನು ಹೆಂಡತಿ ಪ್ರಶ್ನಿಸುತ್ತಾಳೆ. ಆತ ವಾದ ಮಾಡುತ್ತಿರುವಾಗಲೇ ಮಗುವನ್ನೆತ್ತಿಕೊಂಡು ಮಂಜುಗಡ್ಡೆ ತೇಲುವ ನದಿ ದಾಟಿದ ಎಲೈಜಾ ಅಡುಗೆಮನೆಗೆ ಬಂದು ಬೀಳುತ್ತಾಳೆ. ಅದೇ ರಾತ್ರಿ ಸೆನೆಟರನೇ ಗಾಡಿ ಕಟ್ಟಿಸಿ ಅವಳನ್ನು ದಾಟಿಸುತ್ತಾನೆ. ಇದನ್ನು ಇಬ್ಬರು ಗಂಡ, ಹೆಂಡತಿಯಾಗಿ ಓದಲಿ. 15 ನಿಮಿಷ ಹಿಡಿಯುತ್ತದೆ, ಬಳಗದ ಅತ್ಯಂತ ಜೀವಂತ 15 ನಿಮಿಷ ಅದೇ ಆಗುತ್ತದೆ.

ನ್ಯಾಯಪೀಠದಲ್ಲಿ ಕೂತ ಅಪರಾಧಿ. ಇಂಚ್‌ಬಾಲ್ಡ್ ಅವರ ‘ನೇಚರ್ ಅಂಡ್ ಆರ್ಟ್’ನಲ್ಲಿ ಹುಡುಗಿಯೊಬ್ಬಳನ್ನು ಕೆಡಿಸಿ ಕೈಬಿಟ್ಟವನು ನ್ಯಾಯಾಧೀಶನಾಗುತ್ತಾನೆ. ವರ್ಷಗಳ ನಂತರ ಅವಳು ಆರೋಪಿಯಾಗಿ ಅವನ ಮುಂದೆಯೇ ಬಂದು ನಿಲ್ಲುತ್ತಾಳೆ. ಗುರುತು ಹಿಡಿಯದೆ ಮರಣದಂಡನೆ ವಿಧಿಸುತ್ತಾನೆ. ಕಾನೂನಿನ ಒಂದು ಕಲಮನ್ನೂ ಅವರು ಹಳಿದಿಲ್ಲ.

ಕಾಲ ಸರಿಸುವುದು. ಷಾರ್ಲಟ್ ಸ್ಮಿತ್ 1793ರ ‘ದಿ ಓಲ್ಡ್ ಮ್ಯಾನರ್ ಹೌಸ್’ ಕಥೆಯನ್ನು ಹಿಂದಿನ ಅಮೆರಿಕನ್ ಯುದ್ಧದ ಕಾಲಕ್ಕೆ ಒಯ್ದರು. ಬ್ರಿಟನ್ ಫ್ರಾನ್ಸಿನ ಮೇಲೆ ಯುದ್ಧಕ್ಕಿಳಿದ ವರ್ಷವೇ ಅದು ಬಂದದ್ದು. ಇವರ ಬದುಕಿನ ಹಿನ್ನೆಲೆ ಓದಲೇಬೇಕಾದ್ದು. ಮಾವನ 1776ರ ಉಯಿಲಿನ ವ್ಯಾಜ್ಯ ಅವರು ಬದುಕಿರುವವರೆಗೂ ಮುಗಿಯಲಿಲ್ಲ. ಬೇರೆಯಾದ ಗಂಡನಿಗೆ ಇವರ ಬರಹದ ಸಂಪಾದನೆಯ ಮೇಲೆ ಕಾನೂನುಬದ್ಧ ಹಕ್ಕಿತ್ತು. ವಿಭಾಗದ ದಾವೆ ತಲೆಮಾರು ದಾಟಿದ್ದನ್ನು ಕಂಡ ಹಾಸನದವರಿಗೆ ಅವರ ಕಾದಂಬರಿಗಳ ಲಾಯರುಗಳು ಅಪರಿಚಿತರೆನಿಸುವುದಿಲ್ಲ.

ನಿಷೇಧಿತ ದಾಖಲೆಯನ್ನೇ ಒಳಗಿಡುವುದು. ದಕ್ಷಿಣ ಆಫ್ರಿಕದ ನಡೀನ್ ಗಾರ್ಡಿಮರ್ ‘ಬರ್ಗರ್ಸ್ ಡಾಟರ್’ನಲ್ಲಿ ಸೊವೆಟೊ ವಿದ್ಯಾರ್ಥಿಗಳ ನಿಷೇಧಿತ ಕರಪತ್ರವನ್ನು ಇದ್ದ ಹಾಗೆಯೇ ಸೇರಿಸಿದರು. 1979ರ ಜುಲೈನಲ್ಲಿ ಕಾದಂಬರಿಗೆ ನಿಷೇಧ ಬಿತ್ತು, ಅಕ್ಟೋಬರಿನಲ್ಲಿ ತೆರವಾಯಿತು. ಮರುವರ್ಷ ಅವರು ಸೆನ್ಸಾರ್ ಸಮಿತಿಯ ವರದಿಗಳನ್ನೇ ಒಂದು ಕಿರುಹೊತ್ತಗೆಯಾಗಿ ಪ್ರಕಟಿಸಿದರು. ಸಿಕ್ಕರೆ ಬಿಡಬೇಡಿ. ನಿಷೇಧಿಸುವವರು ಹೇಗೆ ಓದುತ್ತಾರೆಂಬುದು ಅವರದೇ ಮಾತಿನಲ್ಲಿ ಅಲ್ಲಿದೆ.

ಕೋರ್ಟಿಗೆ ಕೊಟ್ಟ ಹೇಳಿಕೆ. ವುಲ್‌ಸ್ಟನ್‌ಕ್ರಾಫ್ಟ್ ಅವರ ಅಪೂರ್ಣ ಕಾದಂಬರಿ ‘ಮರಾಯಾ’ ಅವರು ತೀರಿಕೊಂಡ ಮರುವರ್ಷ, 1798ರಲ್ಲಿ, ಪ್ರಕಟವಾಯಿತು. ನಾಯಕಿ ಮರಾಯಾಳನ್ನು ಗಂಡ ಖಾಸಗಿ ಹುಚ್ಚಾಸ್ಪತ್ರೆಯಲ್ಲಿ ಕೂಡಿಹಾಕಿ ಮಗುವನ್ನು ಕಿತ್ತುಕೊಂಡಿದ್ದಾನೆ. ಅವಳನ್ನು ಪ್ರೀತಿಸಿದವನ ಮೇಲೆ ಗಂಡ ಪರಿಹಾರದ ದಾವೆ ಹೂಡುತ್ತಾನೆ. ಆ ಕಾಲದ ಕಾನೂನಿನಲ್ಲಿ ಅಂಥ ದಾವೆ ಇಬ್ಬರು ಗಂಡಸರ ನಡುವಿನದು. ಹೆಂಡತಿ ಪಕ್ಷಗಾರಳೂ ಅಲ್ಲ, ಸಾಕ್ಷಿಯೂ ಅಲ್ಲ. ಆದ್ದರಿಂದ ಮರಾಯಾ ತನ್ನ ಮಾತನ್ನು ಬರೆದು ನ್ಯಾಯಾಲಯದಲ್ಲಿ ಓದಿಸುತ್ತಾಳೆ. ಹೆಣ್ಣಿನ ಭಾವನೆಗಳನ್ನು ವಾದವಾಗಿ ಒಪ್ಪಲಾಗದು ಎಂದು ನ್ಯಾಯಾಧೀಶ ತಳ್ಳಿಹಾಕುತ್ತಾನೆ. ಈ ಹೇಳಿಕೆಗೆ ಒಂದು ಪೂರ್ತಿ ಕೂಟ ಮೀಸಲಿಡಿ. ನಮ್ಮ ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಇಸವಿಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಿ: ಕರ್ನಾಟಕದ ತಿದ್ದುಪಡಿ 1994ರದು, ಅದೂ ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಮಾತ್ರ, ಕೇಂದ್ರದ್ದು 2005ರದು.

ಕನ್ನಡದಿಂದಲೇ ಶುರುಮಾಡಿ

ಕೂಟಗಳ ಸರದಿಯಲ್ಲಿ ಮೊದಲನೆಯದು ಸಾರಾ ಅಬೂಬಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಆಗಿರಲಿ. 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ತಂದೆಯ ಹಟಕ್ಕೆ ನಾದಿರಾಳ ಸಂಸಾರ ಮುರಿಯುತ್ತದೆ, ತಲಾಖ್ ಆಗುತ್ತದೆ. ಮತ್ತೆ ಅದೇ ಗಂಡನ ಬಳಿಗೆ ಹೋಗಬೇಕಾದರೆ ಬೇರೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆದು ತಲಾಖ್ ಪಡೆಯಬೇಕು. ಇಲ್ಲಿ ಕಾಗದವೇ ಇಲ್ಲ, ಕಾನೂನೆಲ್ಲ ಬಾಯಿಮಾತಿನಲ್ಲಿದೆ ಎಂಬುದನ್ನು ಗಮನಿಸಿ. ಆ ಮಾತು ಆಡುವವರೆಲ್ಲ ಗಂಡಸರು. ಯಾವ ಮಾತನ್ನು ಯಾರು ಆಡಿದಾಗ ಅವಳ ಬದುಕಿನ ಸ್ಥಿತಿ ಬದಲಾಯಿತು ಎಂದು ಪಟ್ಟಿ ಮಾಡಿ.

ಚೀಟಿಯಲ್ಲಿ ಇಸವಿಗಳು ಸರಿಯಾಗಿರಲಿ: ತಲಾಖ್ ಆದವಳ ಜೀವನಾಂಶದ ಶಾಬಾನು ತೀರ್ಪು 1985, ಅದರ ಬೆನ್ನಿಗೆ 1986ರ ಕಾಯಿದೆ, ಒಂದೇ ಉಸಿರಿನ ತಲಾಖ್ ಕುರಿತ ಶಾಯರಾ ಬಾನು ತೀರ್ಪು 2017, ಅಂಥ ತಲಾಖಿಗೆ ಶಿಕ್ಷೆಯ ಕಾಯಿದೆ 2019. ಎಲ್ಲವೂ ಧಾರಾವಾಹಿಯ ನಂತರದವು. 2017ರ ತೀರ್ಪು ಮುಟ್ಟಿದ್ದು ಒಂದೇ ಉಸಿರಿನ ತಲಾಖನ್ನು, ನಾದಿರಾಳ ಮುಂದೆ ಬಂದ ಆ ಒಂದು ರಾತ್ರಿಯ ಮದುವೆಯನ್ನಲ್ಲ. ಈ ಕೂಟದಲ್ಲಿ ಮುಸ್ಲಿಂ ಹೆಂಗಸರು ಇಲ್ಲದಿದ್ದರೆ ಚರ್ಚೆ ಬೇಗ ‘ಅವರಲ್ಲಿ ಹೀಗೆ’ ಎಂಬಲ್ಲಿಗೆ ಜಾರುತ್ತದೆ. ಅದನ್ನು ತಡೆಯಲು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ಜೊತೆಗೇ ಓದಿ. ತಲೆ ಬೋಳಿಸಿದ ಬಾಲವಿಧವೆಯ ಮನೆಯಲ್ಲೂ ಬಾಯಿಮಾತೇ ಕಾನೂನು.

ಎಡವುವ ಜಾಗಗಳು

ದೊಡ್ಡ ತಪ್ಪು, ಎಲ್ಲದರಲ್ಲೂ ಗುಟ್ಟು ಕಾಣುವುದು. ‘ಫಣಿಯಮ್ಮ’ ಪ್ರಕಟವಾದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ. ಅಷ್ಟಕ್ಕೇ ಅದನ್ನು ತುರ್ತು ಪರಿಸ್ಥಿತಿಯ ಮೇಲಿನ ಒಳಮಾತು ಎಂದು ಹೇಳುವುದು ಸಲ್ಲದು. ಒಳಮಾತಿದೆ ಎನ್ನಲು ಮೂರೂ ಬೇಕು: ಪಠ್ಯದಲ್ಲಿ ಬೆರಳಿಟ್ಟು ತೋರಿಸುವ ಸಾಲು, ಆಗ ಜಾರಿಯಲ್ಲಿದ್ದ ಕಾನೂನು, ಲೇಖಕಿಗೆ ಆ ಕಾನೂನಿನ ಜೊತೆಗಿದ್ದ ನಂಟು. ಎರಡೇ ಇದ್ದರೆ ಅದು ಊಹೆ. ‘ಊಹೆ’ ಎಂದೇ ಬರೆದುಕೊಳ್ಳಿ.

ಎರಡನೆಯದು, ಸೆನ್ಸಾರಿನ ಕಾಲದ ಬರಹವನ್ನೂ ಅದು ಮುಗಿದಮೇಲಿನ ಬರಹವನ್ನೂ ಒಂದೇ ತಕ್ಕಡಿಗೆ ಹಾಕುವುದು. ನಯನತಾರಾ ಸೆಹಗಲ್ ಅವರ ‘ರಿಚ್ ಲೈಕ್ ಅಸ್’ ತುರ್ತು ಪರಿಸ್ಥಿತಿಯನ್ನು ನೇರವಾಗಿ ಎತ್ತಿಕೊಳ್ಳುತ್ತದೆ. ಕಾರ್ಖಾನೆಯೊಂದರ ಅನುಮತಿಯ ಕಡತಕ್ಕೆ ಒಪ್ಪದ ಮಹಿಳಾ ಅಧಿಕಾರಿ ಹುದ್ದೆ ಕಳೆದುಕೊಳ್ಳುತ್ತಾಳೆ. ಕಡತವನ್ನು ಹಿಡಿದು ಓದಲು ಒಳ್ಳೆಯ ಪುಸ್ತಕ. ಆದರೆ ಬಂದದ್ದು 1985ರಲ್ಲಿ. ಅಡಗಿಸುವ ತಂತ್ರಗಳನ್ನು ಅದರಲ್ಲಿ ಹುಡುಕಿ ಫಲವಿಲ್ಲ.

ಮೂರನೆಯದು ಆವೃತ್ತಿಯದು. ತ್ಲಾಲಿ ಅವರ ಕಾದಂಬರಿ 1975ರಲ್ಲಿ ದಕ್ಷಿಣ ಆಫ್ರಿಕದೊಳಗೇ ಬಂದಾಗ ಭಾಗಗಳನ್ನು ಕತ್ತರಿಸಲಾಗಿತ್ತು, 1979ರಲ್ಲಿ ಅದನ್ನೂ ನಿಷೇಧಿಸಿದರು. ಲೇಖಕಿಯ ಪಠ್ಯ 2004ರಲ್ಲಿ ‘ಬಿಟ್ವೀನ್ ಟು ವರ್ಲ್ಡ್ಸ್’ ಎಂಬ ಹೆಸರಿನಲ್ಲಿ ಬಂತು. ಯಾವ ಪ್ರತಿ ನಿಮ್ಮ ಕೈಯಲ್ಲಿದೆ ಎಂದು ಮೊದಲ ಪುಟದಲ್ಲೇ ನೋಡಿ. ಎರಡೂ ಸಿಕ್ಕರೆ ಒಂದೇ ಅಧ್ಯಾಯವನ್ನು ಅಕ್ಕಪಕ್ಕ ಇಟ್ಟು, ಬಿಟ್ಟುಹೋದ ಸಾಲುಗಳನ್ನು ಬಣ್ಣದ ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಧಾರಾವಾಹಿಗಳಿಗೂ ಇದೇ ಕೆಲಸ: ವಾರಪತ್ರಿಕೆಯ ಕಂತನ್ನು ಪುಸ್ತಕದೊಂದಿಗೆ ಹೋಲಿಸಿ. ಕತ್ತರಿಸಿದ್ದೆಲ್ಲ ಸೆನ್ಸಾರ್ ಅಲ್ಲ, ಪುಟ ಸಾಲದೆ ಬಿಟ್ಟದ್ದೂ ಇರುತ್ತದೆ.

ಸರ್ಕಾರದ ತಡೆ, ಸಮುದಾಯದ ತಡೆ, ಮಾರುಕಟ್ಟೆಯ ತಡೆ ಇವನ್ನು ಬೇರೆ ಬೇರೆಯಾಗಿಯೇ ಬರೆಯಿರಿ. ಹಾಸನದ ಬಾನು ಮುಷ್ತಾಕ್ ಅವರಿಗೆ ಮಸೀದಿಯಲ್ಲಿ ಹೆಂಗಸರ ಪ್ರಾರ್ಥನೆಯ ಹಕ್ಕಿನ ಬಗ್ಗೆ ಮಾತಾಡಿದ್ದಕ್ಕೆ 2000ದ ಇಸವಿಯಲ್ಲಿ ಸಾಮಾಜಿಕ ಬಹಿಷ್ಕಾರ ಎದುರಾಯಿತು. ಅದು ಸರ್ಕಾರದ ಆದೇಶವಲ್ಲ. ಆರನೆಯ ಕೂಟವನ್ನು ಅವರ ಕಥೆಗಳಿಗೆ ಕೊಡಿ. ಕಾದಂಬರಿಯಲ್ಲವೆಂದು ಬಿಡಬೇಡಿ. ದೀಪಾ ಭಾಸ್ತಿ ಅವರ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಪಡೆದ ಸಂಕಲನದಲ್ಲಿ 12 ಕಥೆಗಳಿವೆ. ಎರಡನ್ನು ಕನ್ನಡದ ಮೂಲದಲ್ಲೇ ಓದಿ. ಬರೆದವರು ವಕೀಲರೂ ಹೌದು, ಆದ್ದರಿಂದ ಜೀವನಾಂಶ, ಖಾಜಿ, ಪಂಚಾಯಿತಿ ಎಲ್ಲಿ ಬಂದರೂ ಪೆನ್ಸಿಲ್ ಕೈಯಲ್ಲಿರಲಿ.

ಅದೇ ಕೂಟಕ್ಕೆ ಇಂದಿನ ಚೀಟಿಯನ್ನೂ ತನ್ನಿ. ಪುಸ್ತಕವೊಂದನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಹಿಂದೆ ದಂಡಪ್ರಕ್ರಿಯಾ ಸಂಹಿತೆಯ 95ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಮು. ಅಧಿಸೂಚನೆಯಲ್ಲಿ ಕಾರಣ ಹೇಳಲೇಬೇಕು. ಗೆಜೆಟ್‌ನಲ್ಲಿ ಪ್ರಕಟವಾದ ಎರಡು ತಿಂಗಳೊಳಗೆ ಹೈಕೋರ್ಟಿಗೆ ಅರ್ಜಿ ಹಾಕಬಹುದು, ಅದು 99ನೇ ಕಲಮು. ಆ ಎರಡೂ ಕಲಮುಗಳನ್ನು ಬಳಗದ ವಕೀಲರು ಕನ್ನಡದಲ್ಲಿ ಓದಿ ಹೇಳಲಿ. ನಂತರ ಹಿಂದಿನ ಐದು ಕೂಟಗಳ ಎರಡನೆಯ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಪ್ರತಿಯೊಂದರ ಮುಂದೆ ಮೂರು ಕಾಲಂ ತುಂಬಿಸಿ: ಕಾರಣ ಹೇಳಬೇಕಿತ್ತೇ, ಗಡುವು ಇತ್ತೇ, ಮೇಲ್ಮನವಿ ಇತ್ತೇ. ಚೀಟಿಗಳ ಒಂದು ಪ್ರತಿಯನ್ನು ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಕೊಟ್ಟರೆ ಮುಂದಿನ ಬಳಗದ ಅರ್ಧ ಕೆಲಸ ಹಗುರಾಗುತ್ತದೆ.